ಸುಂಕದ ಕಟ್ಟೆಯೂ ಹೊಂಗೆಯ ಮರವೂ

2025ನೆಯ ಇಸವಿಯ ಏಪ್ರಿಲ್ ತಿಂಗಳ ಮೊದಲ ವಾರದ ಮಾತು. ರಾಜ್ಯ ಸರ್ಕಾರ ಡೀಸೆಲ್ಲಿನ ಮೇಲಿನ ಮಾರಾಟ ತೆರಿಗೆಯನ್ನು ನೂರಕ್ಕೆ 18.44ರಿಂದ 21.17ಕ್ಕೆ ಏರಿಸಿತ್ತು, ಬೆಂಗಳೂರಿನಲ್ಲಿ ಲೀಟರಿನ ಬೆಲೆ ಎರಡು ರೂಪಾಯಿ ಮೇಲಕ್ಕೆ ಹೋಗಿ 91 ರೂಪಾಯಿ 2 ಪೈಸೆಗೆ ನಿಂತಿತ್ತು. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಆ ದಿನ ಬೇರೆ ಮಾತೇ ಇಲ್ಲ. ರಸಾಯನಶಾಸ್ತ್ರದ ಮಿತ್ರರೊಬ್ಬರು ಮೇಜು ಗುದ್ದಿ ಹೇಳಿದರು: “ಇದು ತೆರಿಗೆಯಲ್ಲ ಸ್ವಾಮಿ, ಹಗಲು ದರೋಡೆ. ನಮ್ಮ ಹೊಲದ ಬದುವಿನ ಮೇಲೆ ಹೊಂಗೆ ಮರ ಇಲ್ಲವೇ? ಬೀಜವನ್ನು ಗಾಣಕ್ಕೆ ಹಾಕಿ, ಎಣ್ಣೆ ತೆಗೆದು, ಅದನ್ನು ಡೀಸೆಲ್ ಮಾಡಿ ಟ್ಯಾಂಕಿಗೆ ಸುರಿದರೆ ಮುಗಿಯಿತು. ಅರಬ್ಬರಿಗೂ ಕಾಸಿಲ್ಲ, ಸರ್ಕಾರಕ್ಕೂ ಕಾಸಿಲ್ಲ!” ಎಲ್ಲರೂ ತಲೆದೂಗಿದರು. ನಾನೂ ತೂಗಿದೆ ಎಂದು ಒಪ್ಪಿಕೊಳ್ಳಬೇಕು. ಬೆಲೆ ಏರಿದ ದಿನ ಸುಂಕದವನನ್ನು ಬಯ್ಯುವವರ ಜೊತೆ ಸೇರದೆ ಇರುವುದು ಸುಲಭವಲ್ಲ.

ಆದರೆ ಮನೆಗೆ ಬಂದು ಕೂತ ಮೇಲೆ ಆ ಮಾತು ಕಾಲಿಗೆ ಹೊಕ್ಕ ಮುಳ್ಳಿನಂತೆ ಚುಚ್ಚತೊಡಗಿತು. ಅದರಲ್ಲಿ ಎರಡು ಆಸೆಗಳು ಒಂದೇ ಉಸಿರಿನಲ್ಲಿ ಬಂದಿದ್ದವು. ಡೀಸೆಲ್ಲಿನ ಮೇಲೆ ತೆರಿಗೆ ಇರಬಾರದು ಎಂಬುದು ಒಂದು; ಹೊಂಗೆಯ ಎಣ್ಣೆ ಗೆಲ್ಲಬೇಕು ಎಂಬುದು ಇನ್ನೊಂದು. ಈ ಎರಡು ಆಸೆಗಳು ಒಂದೇ ಮನೆಯಲ್ಲಿ ಬಾಳುವೆ ಮಾಡಲಾರವು. ಇದನ್ನು ತೋರಿಸಿಕೊಡುವುದಕ್ಕಾಗಿಯೇ ಈ ಬರೆಹ. ಕನ್ನಡ ಪಾಠ ಹೇಳುವವನಿಗೆ ಎಣ್ಣೆಯ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ನನ್ನ ಸಂಬಳ ಬರುವುದು ರಾಜ್ಯದ ಬೊಕ್ಕಸದಿಂದ. ಆ ಬೊಕ್ಕಸಕ್ಕೆ ಡೀಸೆಲ್ಲಿನ ತೆರಿಗೆಯೂ ಬಂದು ಬೀಳುತ್ತದೆ. ನನ್ನ ಮಿತ್ರರ ಸಂಬಳವೂ ಅಲ್ಲಿಂದಲೇ ಬರುವುದು. ಅಂದಮೇಲೆ ‘ದರೋಡೆ’ ಎಂಬ ಮಾತನ್ನು ನಾವಿಬ್ಬರೂ ಸ್ವಲ್ಪ ಅಳೆದು ಸುರಿದು ಆಡಬೇಕು.

ಮೊದಲು ಹೊಂಗೆಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಿಬಿಡೋಣ. ಗಿಡದೆಣ್ಣೆಯಿಂದ ಎಂಜಿನ್ ಓಡುವುದು ಕಟ್ಟುಕತೆಯಲ್ಲ. 1900ರಲ್ಲಿ ಪ್ಯಾರಿಸ್ಸಿನ ಜಾಗತಿಕ ಪ್ರದರ್ಶನದಲ್ಲಿ ರುಡಾಲ್ಫ್ ಡೀಸೆಲ್ ಕಂಡುಹಿಡಿದ ಮಾದರಿಯ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ನೆಲದೆಣ್ಣೆ ಅಗ್ಗವಾಗಿ ಹರಿದುಬಂದದ್ದರಿಂದ ಜಗತ್ತು ಆ ಪ್ರಯೋಗವನ್ನು ಮರೆಯಿತು. ನಮ್ಮಲ್ಲಿ ಅದನ್ನು ನೆನಪಿಗೆ ತಂದವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಮುಖ್ಯರು. ಕಗ್ಗನಹಳ್ಳಿಯ ಸುತ್ತಿನ ಒಣಭೂಮಿಯಲ್ಲಿ ಹೊಂಗೆಯ ಎಣ್ಣೆಯಿಂದ ಜನರೇಟರ್ ನಡೆಸಿ, ಆ ವಿದ್ಯುತ್ತಿನಿಂದ ನೀರೆತ್ತಿಸಿ ತೋರಿಸಿದರು. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಎದ್ದಿತು. 2009ರಲ್ಲಿ ಕರ್ನಾಟಕ ತನ್ನದೇ ಆದ ಜೈವಿಕ ಇಂಧನ ನೀತಿಯನ್ನು ಹೊರಡಿಸಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಮುದ್ದಾದ ಹೆಸರಿನ ಯೋಜನೆಗಳು ಬಂದವು. ಹೆಸರಿಡುವುದರಲ್ಲಿ ಕನ್ನಡಿಗರು ಎಂದೂ ಹಿಂದೆ ಬಿದ್ದವರಲ್ಲ.

ಹೊಂಗೆಯ ಗುಣ ಒಂದೆರಡಲ್ಲ. ಯುಗಾದಿಯ ಹೊತ್ತಿಗೆ ಹೂ ಬಿಟ್ಟು, ಬಿರುಬೇಸಗೆಯಲ್ಲಿ ನೆರಳು ಕೊಡುತ್ತದೆ. ಬೇರಿನಿಂದ ನೆಲಕ್ಕೆ ಸಾರ ಸೇರಿಸುತ್ತದೆ. ಸೊಪ್ಪು ಗದ್ದೆಗೆ ಗೊಬ್ಬರ, ಹಿಂಡಿ ತೋಟಕ್ಕೆ ಗೊಬ್ಬರ, ಎಣ್ಣೆ ಹಿಂದೆ ದೀಪಕ್ಕೆ ಉರುವಲು. ಆದರೆ ಗಾಣದಿಂದ ಇಳಿದ ಎಣ್ಣೆಯನ್ನು ಹಾಗೆಯೇ ಇಂದಿನ ಎಂಜಿನ್ನಿಗೆ ಸುರಿಯಬಾರದು; ಅದು ಮಂದ, ಸೂಜಿಬಾಯಿಯಲ್ಲಿ ಕರಿ ಕಟ್ಟುತ್ತದೆ. ಮೆಥನಾಲನ್ನೂ ಕ್ಷಾರವನ್ನೂ ಸೇರಿಸಿ ಗ್ಲಿಸರಿನ್ನನ್ನು ಬೇರ್ಪಡಿಸಿದರೆ ತಿಳಿಯಾದ ಜೈವಿಕ ಡೀಸೆಲ್ ದೊರೆಯುತ್ತದೆ. ಇದನ್ನು ನನ್ನ ಮಿತ್ರರು ನನಗಿಂತ ಚೆನ್ನಾಗಿ ಬಲ್ಲರು. ಅವರಿಗೆ ತಿಳಿಯದೆ ಉಳಿದದ್ದು ರಸಾಯನಶಾಸ್ತ್ರವಲ್ಲ, ಅಂಕಗಣಿತ.

ಆ ಅಂಕಗಣಿತವನ್ನು ನನಗೆ ಕಲಿಸಿದವಳು ಒಬ್ಬ ಮುದುಕಿ. ತುಮಕೂರು ಕಡೆಯ ಒಂದು ವಾರದ ಸಂತೆಯಲ್ಲಿ, ಅದೇ ಬೇಸಗೆಯಲ್ಲಿ, ಗೋಣಿಚೀಲದಲ್ಲಿ ಹೊಂಗೆ ಬೀಜ ಇಟ್ಟುಕೊಂಡು ಮಂಡಿಯವನ ತಕ್ಕಡಿಯ ಮುಂದೆ ಕೂತಿದ್ದಳು. ನಾನು ಬಸ್ಸಿಗೆ ಕಾಯುತ್ತಿದ್ದೆ. ಹೊತ್ತು ಹೋಗಲೆಂದು ಮಾತಿಗೆಳೆದೆ.

“ಅಜ್ಜಿ, ಒಂದು ದಿನಕ್ಕೆ ಎಷ್ಟು ಬೀಜ ಆಗುತ್ತೆ?”

“ಕಾಯಿ ಬಡೀಬೇಕು, ಬಳೀಬೇಕು, ಒಣಗಾಕ್ಬೇಕು, ಕುಟ್ಟಿ ಸಿಪ್ಪೆ ಬಿಡಿಸ್ಬೇಕು, ಕೇರ್ಬೇಕು ಕಣಪ್ಪ. ಹೊತ್ತುಟ್ಟಿದಾಗಿಂದ ಹೊತ್ತು ಮುಳುಗೋಗಂಟ ಕುಂತ್ರೆ ಏಳು ಕಿಲೋ ಆದ್ರೆ ಹೆಚ್ಚು. ಅದೂ ಮರ ಬಿಟ್ಟಿದ್ರೆ. ಹೋದೊರ್ಷ ಬಿಟ್ಟಿದ್ ಮರ ಈ ವರ್ಷ ಬಿಡಂಗಿಲ್ಲ.”

“ಇದರಿಂದ ಡೀಸೆಲ್ ಮಾಡ್ತಾರಂತೆ, ಗೊತ್ತಾ?”

“ಅಂಗಂತಾರೆ. ಡೀಸಲ್ ಎಷ್ಟು ಈಗ ಮೇಷ್ಟ್ರೇ?”

“ತೊಂಬತ್ತೊಂದು.”

ಅವಳು ತನ್ನ ಚೀಲವನ್ನೊಮ್ಮೆ ನೋಡಿಕೊಂಡಳು, ಮಂಡಿಯವನನ್ನೊಮ್ಮೆ ನೋಡಿದಳು. ಮತ್ತೆ ಏನೂ ಹೇಳಲಿಲ್ಲ. ಅಷ್ಟರಲ್ಲಿ ನನ್ನ ಬಸ್ಸು ಬಂದಿತು.

ಈಗ ಓದುಗರು ನನ್ನ ಜೊತೆ ಒಂದು ಲೆಕ್ಕ ಮಾಡಬೇಕು. ಹಳ್ಳಿಯ ಗಾಣದಲ್ಲಿ ಒಂದು ಲೀಟರ್ ಎಣ್ಣೆ ಇಳಿಯಬೇಕಾದರೆ ಸುಮಾರು ನಾಲ್ಕು ಕಿಲೋ ಬೀಜ ಬೇಕು. ಗಾಣದ ಕೂಲಿ, ಮೆಥನಾಲಿನ ಖರ್ಚು, ಸಾಗಣೆ ಇವೆಲ್ಲ ಹಿಂಡಿಯನ್ನು ಮಾರಿ ಬಂದ ಹಣಕ್ಕೆ ಸರಿಹೋದವೆಂದು ಉದಾರವಾಗಿ ಇಟ್ಟುಕೊಳ್ಳೋಣ. ಆಗ ಎಣ್ಣೆಯ ಬೆಲೆ ಎಂದರೆ ನಾಲ್ಕು ಕಿಲೋ ಬೀಜದ ಬೆಲೆ. ಇನ್ನೊಂದು ಕಡೆ 91 ರೂಪಾಯಿಯ ಡೀಸೆಲ್ಲನ್ನು ಬಿಚ್ಚಿ ನೋಡೋಣ. 2025ರ ಏಪ್ರಿಲ್ ಒಂದರಂದು ಅದರಲ್ಲಿ ಕೇಂದ್ರದ ಅಬಕಾರಿ ಸುಂಕ 15 ರೂಪಾಯಿ 80 ಪೈಸೆ. ರಾಜ್ಯದ ಮಾರಾಟ ತೆರಿಗೆ ಲೆಕ್ಕ ಹಾಕಿದರೆ ಸುಮಾರು 15 ರೂಪಾಯಿ 90 ಪೈಸೆ. ಅಣ್ಣ ತಮ್ಮಂದಿರು ಜಗಳವಿಲ್ಲದೆ ಪಾಲು ಮಾಡಿಕೊಂಡ ಹಾಗೆ ಇಬ್ಬರಿಗೂ ಸರಿಸಮ! ಉಳಿದದ್ದು, ಬಂಕಿನವರ ಕಮಿಷನ್ನೂ ಸೇರಿ, ಸುಮಾರು 59 ರೂಪಾಯಿ.

ತೆರಿಗೆಯೆಲ್ಲ ರದ್ದಾಗಿ ಡೀಸೆಲ್ 59 ರೂಪಾಯಿಗೆ ಸಿಕ್ಕಿತೆನ್ನಿ. ಆಗ ಹೊಂಗೆಯ ಎಣ್ಣೆಯೂ 59ಕ್ಕೇ ಸಿಕ್ಕಬೇಕು, ಇಲ್ಲದಿದ್ದರೆ ಯಾರೂ ಕೊಳ್ಳುವುದಿಲ್ಲ. ಅಂದರೆ ಬೀಜಕ್ಕೆ ಕಿಲೋಗೆ ಹದಿನೈದಕ್ಕೂ ಕಡಿಮೆ. ಆ ಅಜ್ಜಿಯ ಏಳು ಕಿಲೋಗೆ, ದಿನವೆಲ್ಲ ಬೆನ್ನು ಬಗ್ಗಿಸಿದ್ದಕ್ಕೆ, ಸುಮಾರು 104 ರೂಪಾಯಿ. ಈಗ ಡೀಸೆಲ್ಲಿನ ಮೇಲೆ ತೆರಿಗೆ ಇದ್ದು, ಹೊಂಗೆಯ ಮೇಲೆ ಇಲ್ಲ ಎನ್ನೋಣ. ಆಗ ಎಣ್ಣೆ 91ರ ತನಕ ಹೋಗಬಹುದು. ಬೀಜಕ್ಕೆ 22 ರೂಪಾಯಿ 75 ಪೈಸೆ. ಅಜ್ಜಿಗೆ ಸುಮಾರು 159 ರೂಪಾಯಿ. ಅದೇ ಏಪ್ರಿಲಿನಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಎಂದು ಗೊತ್ತಾಗಿತ್ತು. ಆ ಕೂಲಿ ಅವಳಿಗೆ ಸಿಕ್ಕಬೇಕಾದರೆ ಒಂದು ಲೀಟರ್ ಹೊಂಗೆಯೆಣ್ಣೆ 200 ರೂಪಾಯಿ ದಾಟುತ್ತದೆ.

ಈ ಲೆಕ್ಕದಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಹೊಂಗೆಯ ಡೀಸೆಲ್ ಅಗ್ಗ ಎಂದು ನಾವು ಕುಣಿದಾಡುವುದರಲ್ಲಿ ಅರ್ಧ ಅಗ್ಗ ತೆರಿಗೆ ಇಲ್ಲದ್ದರಿಂದ ಬಂದದ್ದು. ಇನ್ನರ್ಧ ಅಜ್ಜಿಯ ಕೂಲಿಯನ್ನು ಕತ್ತರಿಸಿದ್ದರಿಂದ ಬಂದದ್ದು. ಇದು ಮೊದಲನೆಯ ಮಾತು. ಡೀಸೆಲ್ಲಿನ ಮೇಲಿನ ತೆರಿಗೆಯನ್ನು ತೆಗೆದ ದಿನವೇ ಹೊಂಗೆಯ ಕತೆ ಮುಗಿಯುತ್ತದೆ ಎಂಬುದು ಎರಡನೆಯದು. ಯಾವ ತೆರಿಗೆಯನ್ನು ನನ್ನ ಮಿತ್ರರು ದರೋಡೆ ಎಂದರೋ ಅದೇ ಹೊಂಗೆಯ ಸಸಿಗೆ ಬೇಲಿ. ಬೇಲಿ ಕಿತ್ತು ಒಲೆಗೆ ಹಾಕಿ, ಸಸಿ ಏಕೆ ಏಳಲಿಲ್ಲ ಎಂದು ಕೇಳುವವನಿಗೆ ಏನು ಹೇಳೋಣ?

ಸರ್ಕಾರಗಳೂ ಈ ಲೆಕ್ಕದಲ್ಲಿ ಎಡವಿದವೇ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಕಾಡುಹರಳನ್ನು, ಎಂದರೆ ಜತ್ರೋಫವನ್ನು, ಪಾಳುಭೂಮಿಯಲ್ಲಿ ಬೆಳೆದು ನೂರಕ್ಕೆ ಇಪ್ಪತ್ತು ಪಾಲು ಡೀಸೆಲ್ಲಿಗೆ ಬೆರೆಸೋಣ ಎಂದಿತು. 2005ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಜೈವಿಕ ಡೀಸೆಲ್ಲಿಗೆ ಲೀಟರಿಗೆ 25 ರೂಪಾಯಿ ಎಂದು ಖರೀದಿ ದರ ಸಾರಿತು. ತಯಾರಿಕೆಯ ಖರ್ಚೇ ಅದಕ್ಕಿಂತ ಹೆಚ್ಚು, ಕೊಡುವವರು ಸಿಕ್ಕಲಿಲ್ಲ. ಪಾಳುಭೂಮಿ ಪಾಳು ಫಸಲನ್ನೇ ಕೊಟ್ಟಿತು. 2018ರ ರಾಷ್ಟ್ರೀಯ ನೀತಿ ಗುರಿಯನ್ನು 2030ಕ್ಕೆ ನೂರಕ್ಕೆ ಐದು ಎಂದು ಇಳಿಸಿಕೊಂಡಿತು. 2024ರ ಹೊತ್ತಿಗೂ ಬೆರಕೆ ನೂರಕ್ಕೆ ಒಂದನ್ನು ಮುಟ್ಟಿರಲಿಲ್ಲ. 2022ರ ಆಯವ್ಯಯದಲ್ಲಿ, ಬೆರೆಸದ ಇಂಧನಕ್ಕೆ ಲೀಟರಿಗೆ ಎರಡು ರೂಪಾಯಿ ಹೆಚ್ಚು ಸುಂಕ ಹಾಕುತ್ತೇವೆ ಎಂದು ಸಾರಿದರು. ಡೀಸೆಲ್ಲಿನ ಮಟ್ಟಿಗೆ ಅದನ್ನು ಮೊದಲು 2023ರ ಏಪ್ರಿಲಿಗೆ ಮುಂದೂಡಿದರು, ಆಮೇಲೆ ಇನ್ನೂ ಮುಂದಕ್ಕೆ. ಬೆರೆಸುವುದಕ್ಕೆ ಎಣ್ಣೆಯೇ ಇಲ್ಲದಾಗ ಬೆರೆಸದವನಿಗೆ ದಂಡ ಹಾಕುವುದು ಹೇಗೆ? ದೇಶ ವರ್ಷಕ್ಕೆ ಸುಡುವ ಡೀಸೆಲ್ ಸುಮಾರು ಒಂಬತ್ತು ಕೋಟಿ ಟನ್ನು. ಅದರಲ್ಲಿ ನೂರಕ್ಕೆ ಐದು ಎಂದರೆ 45 ಲಕ್ಷ ಟನ್ನು. ಹೊಂಗೆಯೊಂದರಿಂದಲೇ ತರುವುದಾದರೆ ಹೆಚ್ಚುಕಡಿಮೆ ಎರಡು ಕೋಟಿ ಟನ್ನು ಬೀಜ. ದಿನಕ್ಕೆ ಏಳು ಕಿಲೋದಂತೆ ಅದನ್ನು ಸುಲಿಯುವ ಕೈಗಳನ್ನು ಎಣಿಸಲು ನನ್ನ ಗಣಿತ ಸಾಲದು.

ತೆರಿಗೆ ತಪ್ಪುತ್ತದೆಂಬ ಒಂದೇ ಕಾರಣಕ್ಕೆ ಒಂದು ಎಣ್ಣೆಯನ್ನು ಪ್ರೀತಿಸಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಬೇಕಷ್ಟಿದೆ. ಬ್ರಿಟನ್ನಿನಲ್ಲಿ ಡೀಸೆಲ್ಲಿನ ಸುಂಕ ಬಲು ಭಾರಿ. 2002ರಲ್ಲಿ ವೇಲ್ಸ್ ಪ್ರಾಂತದ ಲನೆಥ್ಲಿ ಎಂಬ ಊರಿನ ಜನ ಅಂಗಡಿಯಿಂದ ಅಡುಗೆ ಎಣ್ಣೆ ಕೊಂಡು ಕಾರಿಗೆ ಸುರಿಯತೊಡಗಿದರು. ಸುಂಕ ತಪ್ಪಿಸಿದ್ದಕ್ಕಾಗಿ ಪೋಲೀಸರು ದಾರಿಯಲ್ಲಿ ಕಾರು ನಿಲ್ಲಿಸಿ, ಹೊಗೆಯಲ್ಲಿ ಕರಿದ ತಿಂಡಿಯ ವಾಸನೆ ಬರುತ್ತದೆಯೇ ಎಂದು ಮೂಸಿ ನೋಡಿ ಹಿಡಿದರು. ನಗು ಬರುವ ಸಂಗತಿ. ಕಡೆಗೆ 2007ರಲ್ಲಿ ಅಲ್ಲಿನ ಸರ್ಕಾರ, ಒಬ್ಬನು ವರ್ಷಕ್ಕೆ 2500 ಲೀಟರಿನ ತನಕ ಮಾಡಿಕೊಂಡರೆ ಸುಂಕವಿಲ್ಲ ಎಂದು ಮಿತಿ ಹಾಕಿ ರಾಜಿಯಾಯಿತು. ನಮ್ಮ ದೇಶದಲ್ಲಿ ನಗುವಂತಿರಲಿಲ್ಲ. 2020 ಮತ್ತು 2021ರಲ್ಲಿ ಗುಜರಾತಿನಲ್ಲಿ ‘ಜೈವಿಕ ಡೀಸೆಲ್’ ಎಂಬ ಹಲಗೆ ಹಾಕಿಕೊಂಡು ಯಾವುದೋ ಕೈಗಾರಿಕೆಯ ಎಣ್ಣೆಯನ್ನು ಲಾರಿಗಳಿಗೆ ಮಾರುವ ದಂಧೆ ಬೆಳೆದು, ಪೋಲೀಸರು ದಾಳಿಯ ಮೇಲೆ ದಾಳಿ ಮಾಡಬೇಕಾಯಿತು. ಅದರಲ್ಲಿ ಒಂದು ಮರದ ಒಂದು ಬೀಜವೂ ಇದ್ದಂತಿರಲಿಲ್ಲ.

ಇದಕ್ಕಿಂತ ಕಹಿಯಾದದ್ದನ್ನೂ ನಾವು ಮರೆಯಬಾರದು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್ ಕಂಪನಿಯ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೀರಿಗೆ ಹೋದರು. ಅಗ್ಗದ ಸೀಮೆಎಣ್ಣೆಗೂ ಡೀಸೆಲ್ಲಿಗೂ ಇದ್ದ ಬೆಲೆಯ ಅಂತರವೇ ಆ ಕಾಲದಲ್ಲಿ ಕಲಬೆರಕೆಯ ಬಂಡವಾಳ. ಕಲಬೆರಕೆ ಮಾಡುವ ಬಂಕಿಗೆ ಬೀಗ ಹಾಕಿಸಿದ ಆ ತರುಣನನ್ನು 2005ರ ನವೆಂಬರಿನಲ್ಲಿ ಗುಂಡಿಟ್ಟು ಕೊಂದರು. ಎರಡು ಎಣ್ಣೆಗಳ ಬೆಲೆಯ ನಡುವೆ ಸರ್ಕಾರ ಒಂದು ಕಂದಕ ತೋಡಿದರೆ, ಅದರ ಮೇಲೆ ಕಾವಲು ನಿಲ್ಲಿಸಲೇಬೇಕು. ಕಾವಲಿಲ್ಲದ ಕಂದಕ ಕಳ್ಳರ ದಾರಿ. ಹೊಂಗೆಗೆ ವಿನಾಯಿತಿ ಕೊಡಿ ಎಂದು ಕೂಗುವವರು ಆ ವಿನಾಯಿತಿ ಅಜ್ಜಿಯ ಕೈ ಸೇರುವುದೋ, ನಡುವೆ ಹಲಗೆ ಹಾಕಿಕೊಂಡವನ ಪೆಟ್ಟಿಗೆ ಸೇರುವುದೋ ಎಂಬುದನ್ನೂ ಕೇಳಬೇಕು.

“ಹಾಗಾದರೆ ನೀವು ಸುಂಕದವರ ವಕೀಲರೋ?” ಎಂದು ಮಿತ್ರರು ಕೇಳಿಯಾರು. ಅಲ್ಲ. ಜನರ ಸಿಟ್ಟಿನಲ್ಲಿ ನ್ಯಾಯವಿದೆ, ಆ ನ್ಯಾಯ ಎಲ್ಲಿದೆ ಎಂಬುದನ್ನು ಸರಿಯಾಗಿ ತೋರಿಸಬೇಕಾಗಿದೆ, ಅಷ್ಟೆ. 2020ರ ಏಪ್ರಿಲಿನಲ್ಲಿ ಕಚ್ಚಾ ಎಣ್ಣೆ ಪೀಪಾಯಿಗೆ 20 ಡಾಲರಿನ ಹತ್ತಿರ ಕುಸಿದಿತ್ತು. ಮೇ ತಿಂಗಳ ಮೊದಲ ವಾರ ಕೇಂದ್ರ ಸರ್ಕಾರ ಡೀಸೆಲ್ಲಿನ ಸುಂಕವನ್ನು ಒಂದೇ ಏಟಿಗೆ 13 ರೂಪಾಯಿ ಏರಿಸಿತು. ಬೆಲೆ ಏರಿದಾಗ ಅದು ಅಂತಾರಾಷ್ಟ್ರೀಯ ಮಾರುಕಟ್ಟೆಯ ಲೀಲೆ, ಇಳಿದಾಗ ಆ ಇಳಿತ ಬೊಕ್ಕಸದ ಸೊತ್ತು! 2021ರಲ್ಲಿ ಡೀಸೆಲ್ಲಿನ ಮೇಲೆ ಕೇಂದ್ರದ ಸುಂಕ ಒಟ್ಟು 31 ರೂಪಾಯಿ 80 ಪೈಸೆ ಇದ್ದಾಗ, ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಅದರಲ್ಲಿ 1 ರೂಪಾಯಿ 80 ಪೈಸೆ ಮಾತ್ರ. ಮಿಕ್ಕದ್ದೆಲ್ಲ ರಸ್ತೆಯ ಹೆಸರಿನಲ್ಲಿ, ಕೃಷಿಯ ಹೆಸರಿನಲ್ಲಿ, ‘ವಿಶೇಷ’ ಎಂಬ ಹೆಸರಿನಲ್ಲಿ ವಸೂಲಾದ ಕರ. ಅದೇ ವರ್ಷದ ನವೆಂಬರಿನಲ್ಲೂ ಮುಂದಿನ ಮೇ ತಿಂಗಳಿನಲ್ಲೂ ಅದನ್ನು ಇಳಿಸಿದರು, ನಿಜ. 2025ರ ಏಪ್ರಿಲ್ ಎರಡನೆಯ ವಾರದಲ್ಲಿ ಮತ್ತೆ ಎರಡು ರೂಪಾಯಿ ಏರಿಸಿದರು. ಬಂಕಿನ ಬೆಲೆ ಅಂದು ಬದಲಾಗದೆ ಇದ್ದುದರಿಂದ ಯಾರೂ ಮೇಜು ಗುದ್ದಲಿಲ್ಲ.

ರಾಜ್ಯವೂ ಸಾಧುವಲ್ಲ. ಕೇಂದ್ರದ ಸುಂಕವನ್ನೂ ಸೇರಿಸಿದ ಬೆಲೆಯ ಮೇಲೆ ತನ್ನ ನೂರಕ್ಕಿಷ್ಟನ್ನು ಲೆಕ್ಕ ಹಾಕುತ್ತದೆ. ಅಂದರೆ ತೆರಿಗೆಯ ಮೇಲೂ ತೆರಿಗೆ. ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಎಂದು 2023ರ ಜೂನಿನಲ್ಲಿ ‘ಶಕ್ತಿ’ ಯೋಜನೆ ತಂದಿತು. ಒಳ್ಳೆಯ ಕೆಲಸ. ಅದಕ್ಕಾಗಿ ಸಾರಿಗೆ ನಿಗಮಕ್ಕೆ ಒಂದು ಕೈಯಿಂದ ಹಣ ಕೊಡುತ್ತದೆ, ನಿಗಮ ಕೊಳ್ಳುವ ಡೀಸೆಲ್ಲಿನ ಮೇಲೆ ಇನ್ನೊಂದು ಕೈಯಿಂದ ತೆರಿಗೆ ತೆಗೆದುಕೊಳ್ಳುತ್ತದೆ. 2025ರ ಜನವರಿಯಲ್ಲಿ ಬಸ್ಸಿನ ದರ ನೂರಕ್ಕೆ ಹದಿನೈದು ಏರಿದಾಗ ಟಿಕೆಟ್ ಕೊಳ್ಳುವ ಗಂಡಸರು ಗೊಣಗಿದರು. ಆ ಟಿಕೆಟ್ಟಿನಲ್ಲಿ ಸುಂಕ ಎಷ್ಟು ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಎಲ್ಲಿಯೂ ಬರೆದಿರಲಿಲ್ಲ.

ಇನ್ನು ಪ್ರತಿಭಟನೆಯ ನಾಟಕ. 1973ರ ನವೆಂಬರಿನಲ್ಲಿ ಪೆಟ್ರೋಲಿನ ಬೆಲೆಯೇರಿಕೆಯನ್ನು ವಿರೋಧಿಸಿ ಅಟಲ್ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಹೋದರು. 2021ರ ಜೂನಿನಲ್ಲಿ ಪೆಟ್ರೋಲು ನೂರು ರೂಪಾಯಿ ದಾಟಿದಾಗ ಕರ್ನಾಟಕದ ಕಾಂಗ್ರೆಸ್ಸು ‘ಹಂಡ್ರೆಡ್ ನಾಟ್ ಔಟ್’ ಎಂದು ಬಂಕುಗಳ ಮುಂದೆ ನಿಂತಿತು. 2024ರ ಜೂನಿನಲ್ಲಿ ಅದೇ ಕಾಂಗ್ರೆಸ್ಸಿನ ಸರ್ಕಾರ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಸುಮಾರು ಮೂರು ರೂಪಾಯಿ ಏರಿಸಿತು; ಆಗ ಬೀದಿಗಿಳಿದದ್ದು ಭಾರತೀಯ ಜನತಾ ಪಕ್ಷ. ಎತ್ತಿನ ಗಾಡಿ ಒಂದೇ, ಏರುವವರು ಮಾತ್ರ ಸರದಿಯ ಪ್ರಕಾರ ಬದಲಾಗುತ್ತಾರೆ. ಅಧಿಕಾರಕ್ಕೆ ಬಂದವರು ಗಾಡಿಯಿಂದಿಳಿದು ಸುಂಕದ ಕಟ್ಟೆಯ ಮೇಲೆ ಕೂರುತ್ತಾರೆ. ನಾವು ನೋಡುವವರು ಎರಡು ಸಲವೂ ಚಪ್ಪಾಳೆ ತಟ್ಟುತ್ತೇವೆ. ತೆರಿಗೆಯನ್ನು ಬಯ್ಯುವುದರಿಂದ ತೆರಿಗೆ ಕಡಿಮೆಯಾಗಿಲ್ಲ. ಅದು ಇನ್ನಷ್ಟು ಗುಟ್ಟಾಗಿದೆ, ಅಷ್ಟೆ. ಹಿಂದೆ ಬೆಲೆಯನ್ನು ಕೃತಕವಾಗಿ ತಗ್ಗಿಸಿಟ್ಟಾಗಲೂ ನಮಗೆ ಯಾರೂ ದಾನ ಮಾಡಲಿಲ್ಲ. 2005ರಿಂದ 2010ರ ತನಕ ಎಣ್ಣೆ ಕಂಪನಿಗಳಿಗೆ ಹಣದ ಬದಲು ಸಾಲಪತ್ರ ಬರೆದುಕೊಟ್ಟರು. ಒಂದು ಲಕ್ಷ ಕೋಟಿ ರೂಪಾಯಿಗೂ ಮೀರಿದ ಆ ಸಾಲದ ಅಸಲು ಬಡ್ಡಿಗಳು ಮುಂದಿನವರ ತಲೆಗೆ ಬಂದವು.

ಅಂದಮೇಲೆ ಕೇಳಬೇಕಾದ ಪ್ರಶ್ನೆ ‘ಏಕೆ ತೆರಿಗೆ?’ ಎಂಬುದಲ್ಲ, ‘ಎಲ್ಲಿಗೆ ಹೋಯಿತು?’ ಎಂಬುದು. ಇದನ್ನು ಕೇಳಿದವರಿದ್ದಾರೆ. 2018-19ರಲ್ಲಿ ಕೇಂದ್ರ ಸರ್ಕಾರ ನಾನಾ ಹೆಸರಿನ 35 ಸೆಸ್ಸುಗಳಿಂದ ಸುಮಾರು 2.75 ಲಕ್ಷ ಕೋಟಿ ರೂಪಾಯಿ ಎತ್ತಿತೆಂದೂ, ಅದಕ್ಕಾಗಿ ಇರುವ ನಿಧಿಗಳಿಗೆ ಸೇರಿದ್ದು ಸುಮಾರು 1.64 ಲಕ್ಷ ಕೋಟಿ ಮಾತ್ರವೆಂದೂ ಮಹಾಲೆಕ್ಕಪರಿಶೋಧಕರು 2020ರಲ್ಲಿ ಬರೆದರು. ಅದು ತಾತ್ಕಾಲಿಕ, ದುರುಪಯೋಗವಲ್ಲ ಎಂದು ಹಣಕಾಸು ಇಲಾಖೆ ಸಮಜಾಯಿಷಿ ಹೇಳಿತು. ಇರಬಹುದು. ಆದರೆ ರಸ್ತೆಗೆಂದು ಕೊಟ್ಟ ಕಾಸು ರಸ್ತೆಗೆ ಹೋಯಿತೇ ಎಂದು ತಿಳಿಯಲು ಬಂಕಿನಲ್ಲಿ ನಿಂತವನಿಗೆ ಯಾವ ದಾರಿಯಿದೆ? 2018ರ ನವೆಂಬರಿನಲ್ಲಿ ಫ್ರಾನ್ಸಿನ ಹಳ್ಳಿಪಟ್ಟಣಗಳ ಜನ ಹಳದಿ ಅಂಗಿ ತೊಟ್ಟು ರಸ್ತೆ ಕಟ್ಟಿದರು; ಡೀಸೆಲ್ಲಿನ ಮೇಲೆ ಇನ್ನಷ್ಟು ತೆರಿಗೆಯನ್ನು ಪರಿಸರದ ಹೆಸರಿನಲ್ಲಿ ಹಾಕಲು ಹೊರಟಿದ್ದ ಸರ್ಕಾರ ಡಿಸೆಂಬರಿನಲ್ಲಿ ಹಿಂದೆಗೆಯಿತು. ಉದ್ದೇಶ ಎಷ್ಟೇ ಹಸಿರಾಗಿರಲಿ, ಲೆಕ್ಕ ಕಾಣದ ತೆರಿಗೆಯನ್ನು ಜನ ನಂಬುವುದಿಲ್ಲ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಲು ಓದುಗರು ಅಪ್ಪಣೆ ಕೊಡಬೇಕು. ನಮ್ಮ ಹಳೆಯ ಶಾಸನಗಳಲ್ಲಿ ಗಾಣದೆರೆ ಎಂಬುದೊಂದು ಬರುತ್ತದೆ. ಎಣ್ಣೆಯ ಗಾಣದ ಮೇಲಿನ ತೆರಿಗೆ. ಎಣ್ಣೆಗೆ ಸುಂಕ ಹಾಕುವುದನ್ನು ಯಾರೋ ನಿನ್ನೆ ಮೊನ್ನೆ ಕಂಡುಹಿಡಿದದ್ದಲ್ಲ. ಮಗ್ಗದ ಮೇಲೆ ತೆರೆ, ಮನೆಯ ಮೇಲೆ ತೆರೆ, ದಾರಿಯ ಹೆಜ್ಜುಂಕ ಎಲ್ಲವೂ ಇದ್ದವು. ಆ ಕಾಲ ಸ್ವರ್ಗವಾಗಿತ್ತೆಂದು ನಾನು ಹೇಳುವುದಿಲ್ಲ. ಗಾಣದವನ ಬೆನ್ನು ಆಗಲೂ ಬಗ್ಗಿಯೇ ಇತ್ತು. ಆದರೆ ಎಷ್ಟೋ ಶಾಸನಗಳಲ್ಲಿ ಒಂದು ಸಂಗತಿ ಕಾಣುತ್ತದೆ. ಈ ಊರಿನ ಗಾಣದಿಂದ ಇಷ್ಟು ಎಣ್ಣೆ, ಈ ದೇವರ ನಂದಾದೀವಿಗೆಗೆ. ಈ ಸುಂಕದಲ್ಲಿ ಇಷ್ಟು, ಈ ಕೆರೆಗೆ. ಯಾರಿಂದ, ಎಷ್ಟು, ಯಾವುದಕ್ಕೆ ಎಂಬ ಮೂರನ್ನೂ ಕಲ್ಲಿನ ಮೇಲೆ ಕೊರೆದು, ಊರ ನಡುವೆ, ಓದಬಲ್ಲವರೆಲ್ಲ ಓದುವ ಹಾಗೆ ನಿಲ್ಲಿಸುತ್ತಿದ್ದರು. ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂದು ಕೊನೆಯಲ್ಲಿ ಶಾಪವನ್ನೂ ಹಾಕುತ್ತಿದ್ದರು. ಇಂದಿನ ಬಂಕಿನ ರಸೀತಿಯನ್ನು ತೆಗೆದು ನೋಡಿ. ದರ, ಲೀಟರು, ಮೊತ್ತ. ಇಷ್ಟೆ. ಹೋಟೆಲಿನ ಇಡ್ಲಿಗೆ ಕೊಟ್ಟ ತೆರಿಗೆ ಬಿಲ್ಲಿನಲ್ಲಿ ಕಾಣುತ್ತದೆ. ಡೀಸೆಲ್ಲಿಗೆ ಕೊಟ್ಟದ್ದು ಕಾಣುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಮೂರೇ ಮೂರು. ಪ್ರತಿ ರಸೀತಿಯ ಮೇಲೂ ಕೇಂದ್ರಕ್ಕೆ ಇಷ್ಟು, ರಾಜ್ಯಕ್ಕೆ ಇಷ್ಟು, ಅದರಲ್ಲಿ ರಸ್ತೆಗೆ ಇಷ್ಟು, ಕೃಷಿಗೆ ಇಷ್ಟು ಎಂದು ಅಚ್ಚಾಗಬೇಕು. ಇದಕ್ಕೆ ಕಾಗದದ ಎರಡು ಸಾಲು ಹೆಚ್ಚು ಬೇಕಾದೀತು, ಅಷ್ಟೆ. ಎರಡನೆಯದು, ರಾಜ್ಯದ ಪಾಲಿನಲ್ಲಿ ಲೀಟರಿಗೆ ಹತ್ತು ಪೈಸೆಯಾದರೂ ಹೊಂಗೆಯ ಬೀಜಕ್ಕೆಂದು ಹೆಸರು ಬರೆದು ತೆಗೆದಿಡಬೇಕು. ಆ ಹಣದಿಂದ ಸಂತೆಯಲ್ಲಿ ಬೀಜಕ್ಕೆ ಒಂದು ತಳಬೆಲೆ ನಿಲ್ಲಬೇಕು. 2013-14ರಲ್ಲಿ ಕೇಂದ್ರ ಸರ್ಕಾರ ಕಿರು ಅರಣ್ಯ ಉತ್ಪನ್ನಗಳಿಗೆ ಬೆಂಬಲ ಬೆಲೆಯ ಯೋಜನೆ ತಂದಾಗ ಹೊಂಗೆ ಬೀಜವನ್ನೂ ಪಟ್ಟಿಗೆ ಸೇರಿಸಿತ್ತು. ಆದರೆ ಹೊಂಗೆ ನಮ್ಮಲ್ಲಿ ಕಾಡಿನ ಮರ ಮಾತ್ರವಲ್ಲ, ಬದುವಿನ ಮರ, ಬೀದಿಯ ಮರ. ಬದುವಿನಲ್ಲಿ ಆಯುವವಳನ್ನು ಕಾಡಿನ ಪಟ್ಟಿ ಕಾಯುವುದಿಲ್ಲ. ಮೂರನೆಯದು, ಹೊಂಗೆಯ ಡೀಸೆಲ್ಲಿಗೆ ಇಂದು ಕೊಡುವ ರಿಯಾಯಿತಿ ಎಷ್ಟು ವರ್ಷ ಇರುತ್ತದೆ, ಆಮೇಲೆ ಅದರ ಮೇಲೆ ಎಷ್ಟು ತೆರಿಗೆ ಬೀಳುತ್ತದೆ ಎಂಬುದನ್ನು ಈಗಲೇ ಸಾರಬೇಕು. ನೆಟ್ಟ ಮರ ಕಾಯಿ ಬಿಡುವುದಕ್ಕೆ ಐದಾರು ವರ್ಷ ಬೇಕು. ಅಷ್ಟರಲ್ಲಿ ಎರಡು ಸರ್ಕಾರ ಬಂದು ಹೋಗುತ್ತವೆ. ವರ್ಷಕ್ಕೊಮ್ಮೆ ಬದಲಾಗುವ ಆಜ್ಞೆಯನ್ನು ನಂಬಿ ಯಾವ ರೈತ ಸಸಿ ನೆಡುತ್ತಾನೆ?

ಹೊಂಗೆ ದೇಶವನ್ನೆಲ್ಲ ಓಡಿಸಲಾರದು. ಆದರೆ ಒಂದು ಹಳ್ಳಿಯ ಪಂಪನ್ನು, ನಾಲ್ಕು ಟ್ರ್ಯಾಕ್ಟರನ್ನು, ತಾಲ್ಲೂಕಿನ ಕೆಲವು ಬಸ್ಸುಗಳನ್ನು ಓಡಿಸೀತು. ಹಿಂಡಿಯನ್ನು ಹೊಲಕ್ಕೂ ಕೂಲಿಯನ್ನು ಮುದುಕಿಗೂ ಕೊಟ್ಟೀತು. ದೇಶದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತಿರುವಾಗ ಇದು ಸಣ್ಣ ಲಾಭವೇನೂ ಅಲ್ಲ. ಇಷ್ಟಕ್ಕೆ ಅದನ್ನು ಬಳಸಿಕೊಳ್ಳುವುದು ವಿವೇಕ. ಸರ್ಕಾರಕ್ಕೆ ಕಾಸು ತಪ್ಪಿಸುವ ಉಪಾಯವೆಂದು ಅದನ್ನು ಬಳಸಹೊರಟರೆ ಮೊದಲು ಕಾಸು ತಪ್ಪುವುದು ಬೀಜ ಆಯ್ದವಳಿಗೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು ನಮ್ಮ ಗಾದೆ. ಸುಂಕದವನು ಯಾರೋ ಪರರಾಯನ ಬಂಟನಾಗಿದ್ದ ಕಾಲದ ಮಾತು ಅದು; ಆಗ ಅವನ ಮುಂದೆ ಅಳುವುದು ವ್ಯರ್ಥವೇ ಆಗಿತ್ತು. ಈಗ ಕಟ್ಟೆಯ ಮೇಲೆ ಕೂರುವವನನ್ನು ಐದು ವರ್ಷಕ್ಕೊಮ್ಮೆ ನಾವೇ ಕೂರಿಸುತ್ತೇವೆ. ಅವನ ಮುಂದೆ ಅಳುವುದೂ ಬೇಡ, ಅವನ ಬೆನ್ನ ಹಿಂದೆ ಬಯ್ಯುವುದೂ ಬೇಡ. ಎದುರು ನಿಂತು ಲೆಕ್ಕ ಕೇಳೋಣ. ರಸಾಯನಶಾಸ್ತ್ರದ ಮಿತ್ರರಿಗೆ ನಾನು ಆ ದಿನ ಹೇಳಬೇಕಾಗಿದ್ದು ಇಷ್ಟು. ಮುಂದಿನ ಬೇಸಗೆಯಲ್ಲಿ ಅವರನ್ನು ಆ ಸಂತೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಹೊಂಗೆಯ ಡೀಸೆಲ್ಲಿಗೆ ಎಷ್ಟು ಬೆಲೆ ಕೊಡಲು ಸಿದ್ಧ ಎಂಬುದನ್ನು ಅವರು ಆ ಅಜ್ಜಿಯ ಚೀಲದ ಮುಂದೆ ನಿಂತು ಹೇಳಲಿ.